ಬೆಡ್ಡಿಗೆ ದುಡ್ಡಿದೆ, ಮಾತ್ರೆಗೆ ಇಲ್ಲ

ಮನೆ ಗುಂಪು, ಭಾನುವಾರ ಸಂಜೆ

ಚಿಕ್ಕಪ್ಪ: (ಫಾರ್ವರ್ಡ್) 70 ದಾಟಿದವರಿಗೆ ಆಯುಷ್ಮಾನ್ ವಯ ವಂದನಾ ಕಾರ್ಡ್. ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಇನ್ನು ಹಿರಿಯರಿಗೆ ಔಷಧಿ ಖರ್ಚಿನ ಚಿಂತೆಯೇ ಇಲ್ಲ!

ಚಿಕ್ಕಪ್ಪ: ಅಣ್ಣನಿಗೆ ಇನ್ನು ನೆಮ್ಮದಿ.

ನಾನು: ಚಿಕ್ಕಪ್ಪ, ಮೊದಲಿಂದು ಸರಿ. ಕೊನೆಯ ಸಾಲು ತಪ್ಪು. ಆ ಕಾರ್ಡು ಅಡ್ಮಿಟ್ ಆದರೆ ಮಾತ್ರ. ಅಡ್ಮಿಟ್ ಆಗುವ ಮುಂಚಿನ 3 ದಿನ, ಡಿಸ್ಚಾರ್ಜ್ ಆದ ಮೇಲಿನ 15 ದಿನದ ಔಷಧಿ ಅದರಲ್ಲಿ ಸೇರುತ್ತೆ. 16ನೇ ದಿನದಿಂದ ನಮ್ಮದೇ ಜೇಬು. ಅಪ್ಪ ದಿನಾ ನುಂಗುವ ಬಿಪಿ, ಶುಗರ್ ಮಾತ್ರೆಗೆ ಒಂದು ಪೈಸೆಯೂ ಬರುವುದಿಲ್ಲ.

ಚಿಕ್ಕಪ್ಪ: ಎಲ್ಲದರಲ್ಲೂ ತಪ್ಪು ಹುಡುಕಬೇಡಮ್ಮ. ಮಾತ್ರೆಗೆ ಮಹಾ ಎಷ್ಟಾಗುತ್ತೆ?

ನಾನು: ಬೇಜಾರು ಮಾಡಿಕೊಳ್ಳಬೇಡಿ. ನೀವು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದವರು, ಆ ನೌಕರರ ಆರೋಗ್ಯ ಯೋಜನೆಯ ಸಿಜಿಎಚ್‌ಎಸ್ ಕಾರ್ಡಿದೆ, ಡಿಸ್ಪೆನ್ಸರಿಗೆ ಹೋದರೆ ತಿಂಗಳ ಮಾತ್ರೆ ಕೈಗೆ ಬರುತ್ತೆ, ಮೆಡಿಕಲ್ ಶಾಪಿನ ಬಿಲ್ಲು ನೀವು ನೋಡಿಯೇ ಇಲ್ಲ. ಅಪ್ಪ ಅಂಗಡಿ ನಡೆಸಿದವರು. ಪೆನ್ಷನ್ ಇಲ್ಲ. ಹೋದ ವಾರ ಅವರ ಮಾತ್ರೆ ಡಬ್ಬ ಒರೆಸೋಣ ಅಂತ ತೆಗೆದರೆ ಶೀಟಿನೊಳಗೆ ಬರೀ ಅರ್ಧ ಮಾತ್ರೆಗಳು. ಹರಿದ ಬೆಳ್ಳಿ ಹಾಳೆಯನ್ನೇ ಮತ್ತೆ ಮಡಚಿ ಮುಚ್ಚಿಟ್ಟಿದ್ದಾರೆ. ಕೇಳಿದರೆ, "ಹತ್ತರ ಶೀಟು ಇಪ್ಪತ್ತು ದಿನ ಬರುತ್ತಲ್ಲ" ಅಂದರು. ಅದು ನಿಧಾನವಾಗಿ ಕರಗುವ ಶುಗರ್ ಮಾತ್ರೆ ಚಿಕ್ಕಪ್ಪ, ಮುರಿಯಬೇಡಿ ಅಂತ ಡಾಕ್ಟರೇ ಹೇಳಿದ್ದರು.

ಅತ್ತೆ: ಅಯ್ಯೋ ಅಣ್ಣಾ! ನಮಗೆ ಹೇಳಲೇ ಇಲ್ವಲ್ಲ.

ಚಿಕ್ಕಪ್ಪ: ನನಗೂ ಗೊತ್ತಿರಲಿಲ್ಲ. ಆದರೆ ದಿನದ ಔಷಧಿಯನ್ನೂ ವಿಮೆಗೆ ಸೇರಿಸಿದರೆ ಜನ ಬೇಕಾಬಿಟ್ಟಿ ತಗೊಳ್ಳುತ್ತಾರೆ. ಡಾಕ್ಟರೂ ನಾಲ್ಕು ಬರೆಯುವ ಕಡೆ ಎಂಟು ಬರೆಯುತ್ತಾರೆ. ಖರ್ಚು ಏರುತ್ತೆ, ಅಲ್ವಾ?

ದೊಡ್ಡಕ್ಕ (ನ್ಯೂಜೆರ್ಸಿ): ಏರುತ್ತೆ, ಸುಳ್ಳಲ್ಲ. ಇಲ್ಲಿ 65 ದಾಟಿದವರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ಗೆ 2006ರಲ್ಲಿ ಪಾರ್ಟ್ ಡಿ ಅಂತ ಔಷಧಿ ವಿಮೆ ಸೇರಿಸಿದರು. ಅವರ ಕೈಯಿಂದ ಹೋಗುವ ದುಡ್ಡು ಇಳಿಯಿತು, ತಗೊಳ್ಳುವ ಔಷಧಿ ಜಾಸ್ತಿಯಾಯಿತು. ಅಪ್ಪ ಅರ್ಧ ಬಿಟ್ಟು ಇಡೀ ಮಾತ್ರೆ ನುಂಗಿದರೂ ಲೆಕ್ಕದಲ್ಲಿ ಖರ್ಚು ಏರಿದಂತೆಯೇ ಚಿಕ್ಕಪ್ಪ! ಶುರುವಿನಲ್ಲಿ ಇಲ್ಲೂ ಒಂದು ತೂತು ಬಿಟ್ಟಿದ್ದರು. ಖರ್ಚು ಒಂದು ಮಟ್ಟ ಮುಟ್ಟಿದರೆ ಅಲ್ಲಿಂದ ಮುಂದೆ ಬಹಳ ದೂರ ಪೂರ್ತಿ ಕೈಯಿಂದಲೇ ಕೊಡಬೇಕಿತ್ತು, ಅಲ್ಲಿಗೆ ಬಂದ ಕೂಡಲೇ ಎಷ್ಟೋ ಜನ ಔಷಧಿ ನಿಲ್ಲಿಸುತ್ತಿದ್ದರು. ಕೊನೆಗೆ 2025ರಲ್ಲಿ ಕೈಯಿಂದ ಕೊಡುವ ದುಡ್ಡಿಗೆ ವರ್ಷಕ್ಕೆ 2,000 ಡಾಲರ್ ಮಿತಿ ಬಂತು. ಇನ್ಸುಲಿನ್‌ಗೆ 2023ರಿಂದಲೇ ತಿಂಗಳಿಗೆ 35 ಡಾಲರ್ ಮಿತಿ.

ಚಿಕ್ಕಪ್ಪ: ಅಮೆರಿಕದ ಬೊಕ್ಕಸ ಬೇರೆ, ನಮ್ಮದು ಬೇರೆ ಮಗಳೇ.

ದೊಡ್ಡಕ್ಕ: ಉಳಿಸಲು ಹೋದ ಕಡೆ ಏನಾಯಿತು ನೋಡಿ. ಕೆನಡಾದ ಕ್ವಿಬೆಕ್‌ನಲ್ಲಿ 1996ರಲ್ಲಿ ಹಿರಿಯರೂ ಔಷಧಿಗೆ ಒಂದು ಪಾಲು ಕೊಡಬೇಕು ಅಂತ ಮಾಡಿದರು. ಬೇಕೇಬೇಕಾದ ಔಷಧಿ ತಗೊಳ್ಳುವುದೇ ಶೇಕಡಾ 9ರಷ್ಟು ಇಳಿಯಿತು. ಎಮರ್ಜೆನ್ಸಿಗೆ ಓಡಿದವರು ಹೆಚ್ಚಾದರು.

ನಾನು: ಅಪ್ಪನಿಗೆ ಲಕ್ವ ಹೊಡೆದರೆ ಕಾರ್ಡು ಲಕ್ಷಗಟ್ಟಲೆ ಕೊಡುತ್ತೆ. ಲಕ್ವ ಹೊಡೆಯದ ಹಾಗೆ ಕಾಯುವ ಬಿಪಿ ಮಾತ್ರೆಗೆ ಕೊಡುವುದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ಕಾರ್ಡು ಬೇಡ ಅಂತಲ್ಲ, ಖಂಡಿತ ಬೇಕು. ಆದರೆ ಆ ಕೊನೆಯ ಸಾಲನ್ನು ನಂಬಿ ಯಾರೂ ಕೂರಬಾರದು. ದಯವಿಟ್ಟು ಬೇರೆ ಗುಂಪಿಗೆ ಹಾಗೇ ಕಳಿಸಬೇಡಿ.

ಚಿಕ್ಕಪ್ಪ: ಆಯ್ತಮ್ಮ, ಆ ಸಾಲು ತೆಗೆದೇ ಕಳಿಸುತ್ತೇನೆ. ಅಣ್ಣನ ಚೀಟಿ ಫೋಟೋ ಹಾಕು. ಬ್ರ್ಯಾಂಡ್ ಬಿಟ್ಟು ಒಳಗಿನ ಮದ್ದಿನ ಹೆಸರು ಹೇಳಿ ನಾಳೆ ಕಡಿಮೆ ಬೆಲೆಯ ಜನೌಷಧಿ ಅಂಗಡಿಯಲ್ಲಿ ಕೇಳಿ ಬರುತ್ತೇನೆ. ಡಾಕ್ಟರಿಗೂ ಒಂದು ಮಾತು ಕೇಳಿಬಿಡೋಣ.

ಅತ್ತೆ: ಕಣ್ಣಿನ ಗ್ಲಾಕೋಮಾದ ಹನಿ ಔಷಧಿನೂ ಅಲ್ಲಿ ಸಿಗುತ್ತಾ ಕೇಳು. ನಂದು ಮುಗಿದು ಎರಡು ವಾರ ಆಯ್ತು.