ಸಹಾಯ ಬೇಕು: ನಿದ್ರಾ ಪರೀಕ್ಷೆಗೆ ಕನ್ನಡ ಬಲ್ಲ ಲ್ಯಾಬ್
ಬದಿಯಡ್ಕದ ಹಿರಿಯರೊಬ್ಬರಿಗೆ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ತಡೆಯುವ ತೊಂದರೆ) ಶಂಕೆ. ಇಡೀ ರಾತ್ರಿಯ ಪರೀಕ್ಷೆ ಆಗಬೇಕು. ಮಲಯಾಳ ಬಾರದು. ಕಾಸರಗೋಡು, ಮಂಗಳೂರು ಕಡೆ ಕನ್ನಡದಲ್ಲೇ ವಿವರಿಸುವ ಟೆಕ್ನೀಷಿಯನ್ ಇರುವ ಲ್ಯಾಬ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಈ ಪರೀಕ್ಷೆಗೆ ತಲೆ, ಕಣ್ಣಂಚು, ಗದ್ದ, ಕಾಲಿಗೆ ತಂತಿ, ಎದೆ-ಹೊಟ್ಟೆಗೆ ಪಟ್ಟಿ, ಮೂಗಿಗೆ ನಳಿಕೆ, ಬೆರಳಿಗೆ ಆಕ್ಸಿಮೀಟರ್: ಕಟ್ಟಲು ಮುಕ್ಕಾಲು ಗಂಟೆಯಾದರೂ ಬೇಕು. ತಲೆಗೆ ತೆಂಗಿನೆಣ್ಣೆ ಇದ್ದರೆ ಎಲೆಕ್ಟ್ರೋಡ್ ಅಂಟುವುದಿಲ್ಲ, ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಕೆಡುತ್ತದೆ. ಇದನ್ನೆಲ್ಲ ಮೊದಲೇ ಹೇಳುವವರು ಬೇಕು.

ಮುಖ್ಯ ಪ್ರಶ್ನೆ: ಮೊದಲ 2 ಗಂಟೆಯ ನಿದ್ದೆಯಲ್ಲೇ ಉಸಿರುತಡೆ ಗಂಟೆಗೆ 40 ದಾಟಿದರೆ ಅದೇ ರಾತ್ರಿ ಸಿಪ್ಯಾಪ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರುದಾರಿ ತೆರೆದಿಡುವ ಯಂತ್ರ) ಒತ್ತಡ ಹೊಂದಿಸುತ್ತಾರೆಯೇ? ಅದಕ್ಕೆ 3 ಗಂಟೆಗಿಂತ ಹೆಚ್ಚು ಉಳಿದಿರಬೇಕು. ತಡವಾಗಿ ಶುರು ಮಾಡುವಲ್ಲಿ ಸಮಯ ಸಾಲದೆ ಮತ್ತೊಂದು ರಾತ್ರಿ, ಮತ್ತೊಂದು ಬಿಲ್. ಜೊತೆಗೆ ಬಂದವರು ಮಲಗಲು ಜಾಗ ಇದೆಯೇ ಎಂಬುದನ್ನೂ ತಿಳಿಸಿ.