ದೊಡ್ಡ ಟೆಂಟಿನ ಹೊಲಿಗೆಯಲ್ಲಿ ನೀರು ಸೋರುತ್ತಿದೆ, ಏನು ಹಚ್ಚಬೇಕು?

ಮಳೆಹುಳ:

ಎಲ್ಲರಿಗೂ ನಮಸ್ಕಾರ. ನಮ್ಮ ಹತ್ತಿರ ಎಂಟು ಜನ ಮಲಗುವ ಟೆಂಟ್ ಇದೆ. ಮೂರು ವರ್ಷದ ಹಿಂದೆ ಪರಿಚಯದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಇಷ್ಟು ದಿನ ಬೇಸಿಗೆಯಲ್ಲಿ ಮಾತ್ರ ಹಾಕುತ್ತಿದ್ದೆವು, ತೊಂದರೆ ಇರಲಿಲ್ಲ.

ಈ ಸಲ ಮಕ್ಕಳ ಪರೀಕ್ಷೆ ಮುಗಿದ ಮೇಲೆ ಮೂಡಿಗೆರೆ ಹತ್ತಿರ ಸೋದರಮಾವನ ತೋಟಕ್ಕೆ ಹೋಗಿ, ಕಾಫಿ ಕಣದ ಪಕ್ಕದ ಹುಲ್ಲಿನ ಮೇಲೆ ಟೆಂಟ್ ಹಾಕಿದೆವು. ರಾತ್ರಿ ಹತ್ತೂವರೆಗೆ ಹೂಮಳೆ, ಅದೇ ಕಾಫಿ ಹೂ ಅರಳಿಸುವ ಮಳೆ, ಶುರುವಾಯಿತು. ಒಂದು ಗಂಟೆ ಬಿಡದೆ ಹೊಡೆಯಿತು. ಮಾವ ಜಗಲಿಯಲ್ಲಿ ಟಾರ್ಚ್ ಹಿಡಿದು ಮಳೆ ಅಳೆದು "ಒಂದಿಂಚು ಇಪ್ಪತ್ತು ಸೆಂಟು!" (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ) ಅಂತ ಕುಣಿಯುತ್ತಿದ್ದರೆ ನಾವು ಇಲ್ಲಿ ಚಾಪೆ ಹಿಂಡುತ್ತಿದ್ದೆವು. ಕೊನೆಗೆ ಮಕ್ಕಳನ್ನು ಎತ್ತಿಕೊಂಡು ಮನೆಯೊಳಗೆ ಓಡಿದ್ದಾಯಿತು.

ಬೆಳಿಗ್ಗೆ ನೋಡಿದರೆ ಮೇಲಿನ ರೇನ್ ಫ್ಲೈ, ಅಂದರೆ ಮಳೆ ತಡೆಯಲು ಟೆಂಟಿನ ಮೇಲೆ ಹೊದಿಸುವ ಬಟ್ಟೆ, ಅದರ ಒಳಗಡೆ ಹೊಲಿಗೆ ಮೇಲೆ ಅಂಟಿಸಿದ್ದ ಪಾರದರ್ಶಕ ಟೇಪು ಹಾವಿನ ಪೊರೆ ಹಾಗೆ ಎದ್ದು ಬಂದಿದೆ. ಕೆಲವು ಕಡೆ ಪೂರ್ತಿ ಜೋತಾಡುತ್ತಿದೆ, ಕೆಲವು ಕಡೆ ಇನ್ನೂ ಗಟ್ಟಿಯಾಗಿದೆ. ಟೇಪ್ ಹಿಡಿದು ಅಳೆದೆ, ಒಟ್ಟು 34 ಮೀಟರ್ ಹೊಲಿಗೆ. ಮೈದುನ ಎಂ-ಸೀಲ್ ಹಚ್ಚಿ ಅನ್ನುತ್ತಾನೆ. ಹಾರ್ಡ್‌ವೇರ್ ಅಂಗಡಿಯವರು ಸಿಲಿಕೋನ್ ಟ್ಯೂಬ್ ಕೊಟ್ಟರು, ಇನ್ನೂ ಒಡೆದಿಲ್ಲ. ಏನು ಹಚ್ಚಬೇಕು, ಒಳಗಾ ಹೊರಗಾ? ದಸರಾ ರಜೆಯಲ್ಲಿ ಮತ್ತೆ ಹೋಗಬೇಕು. ಆಗಲೂ ಮಲೆನಾಡಲ್ಲಿ ಮಳೆ ಗ್ಯಾರಂಟಿ ಅಲ್ವಾ.

ಅಂಬಲಿ_77:

ಮೇಲೆ ಒಂದು ಟಾರ್ಪಾಲ್ ಎಳೆದು ನಾಲ್ಕು ಹಗ್ಗ ಕಟ್ಟಿ, ಮುಗೀತು. 34 ಮೀಟರ್ ಯಾರು ಕೂತು ಬಳಿಯುತ್ತಾರೆ ಮಾರಾಯ್ರೆ.

ಚಾರಣದ ಚಟ:

ಟಾರ್ಪಾಲ್ ಐಡಿಯಾ ಕೆಟ್ಟದ್ದಲ್ಲ, ಆದರೆ ಎಂಟು ಜನರ ಟೆಂಟ್ ಮುಚ್ಚುವಷ್ಟು ದೊಡ್ಡದನ್ನು ಗಾಳಿಯಲ್ಲಿ ಕಟ್ಟಿ ನಿಲ್ಲಿಸುವುದು ಇನ್ನೊಂದು ಟೆಂಟ್ ಹಾಕಿದಷ್ಟೇ ಕೆಲಸ.

ಮೇಡಂ, ಆ ಸಿಲಿಕೋನ್ ಟ್ಯೂಬ್ ಒಡೆಯದೆ ಇದ್ದದ್ದು ಒಳ್ಳೆಯದಾಯಿತು. ಮೊದಲು ಬಟ್ಟೆಗೆ ಯಾವ ಲೇಪ ಇದೆ ಅಂತ ಗೊತ್ತಾಗಬೇಕು. ಫ್ಯಾಮಿಲಿ ಟೆಂಟುಗಳು ಹೆಚ್ಚಾಗಿ ಪಾಲಿಯೆಸ್ಟರ್ ಬಟ್ಟೆ, ಒಳಮೈಗೆ ಪಿಯು ಅಂದರೆ ಪಾಲಿಯುರೆಥೇನ್ ಲೇಪ. ಬೆನ್ನ ಮೇಲೆ ಹೊರುವ ಹಗುರ ಟೆಂಟುಗಳಲ್ಲಿ ಸಿಲಿಕೋನ್ ಲೇಪದ ನೈಲಾನ್ ಜಾಸ್ತಿ. ಸಿಲಿಕೋನ್ ಮೇಲೆ ಸಿಲಿಕೋನ್ ಬಿಟ್ಟು ಬೇರೆ ಏನೂ ನಿಲ್ಲುವುದಿಲ್ಲ. ಪಿಯು ಮೇಲೆ ಸಿಲಿಕೋನ್ ಬಳಿದರೆ ನಾಲ್ಕು ಸಲ ಮಡಚುವಷ್ಟರಲ್ಲಿ ಸಿಪ್ಪೆ ಎದ್ದ ಹಾಗೆ ಬರುತ್ತದೆ, ಮತ್ತೆ ಆ ಜಾಗದಲ್ಲಿ ಪಿಯು ಸೀಲರ್ ಹಚ್ಚೋಣ ಅಂದರೆ ಉಳಿದ ಸಿಲಿಕೋನ್ ಜಿಡ್ಡಿನ ಮೇಲೆ ಅದೂ ಕೂರುವುದಿಲ್ಲ. ಎರಡೂ ಕಡೆಯಿಂದ ಹೋಯಿತು.

ಕಂಡುಹಿಡಿಯುವುದು ಸುಲಭ. ಸ್ಟೇಷನರಿ ಅಂಗಡಿಯ ಸೆಲೋಟೇಪ್ ಒಂದು ತುಂಡು ಒಣ ಬಟ್ಟೆಯ ಒಳಮೈಗೆ ಒತ್ತಿ ಎಳೆಯಿರಿ. ಚೆನ್ನಾಗಿ ಹಿಡಿದುಕೊಂಡರೆ ಪಿಯು. ಒತ್ತಿದರೂ ಜಾರಿ ಬಿದ್ದರೆ ಸಿಲಿಕೋನ್. ಎರಡೂ ಮೈ ನೋಡಿ, ಒಂದು ಕಡೆ ಸಿಲಿಕೋನ್ ಇನ್ನೊಂದು ಕಡೆ ಪಿಯು ಇರುವ ಬಟ್ಟೆಯೂ ಇದೆ. ನಿಮ್ಮದರಲ್ಲಿ ಫ್ಯಾಕ್ಟರಿ ಟೇಪ್ ಇತ್ತು ಅಂದಿದ್ದೀರಿ, ಹಾಗಾಗಿ ಒಳಮೈ ಪಿಯು ಇರುವ ಸಾಧ್ಯತೆಯೇ ಜಾಸ್ತಿ.

ಪಿಯು ಆದರೆ ಗೇರ್ ಏಡ್ ಕಂಪನಿಯ ಸೀಮ್ ಗ್ರಿಪ್ ಅಂತ ಹೊಲಿಗೆ ಮುಚ್ಚುವ ಸೀಲರ್ ಬರುತ್ತದಲ್ಲ, ಅದರಲ್ಲಿ ಡಬ್ಲ್ಯುಪಿ ಅಂತ ಬರೆದಿರುವುದು ತರಿಸಿ. ಎಸ್‌ಐಎಲ್ ಅಂತ ಇದ್ದರೆ ಅದು ಸಿಲಿಕೋನ್ ಬಟ್ಟೆಗೆ. ನಿಮ್ಮ 34 ಮೀಟರಿಗೆ ಒಂದು ಸಣ್ಣ ಟ್ಯೂಬ್ ಖಂಡಿತ ಸಾಲುವುದಿಲ್ಲ, ಬೆಲೆಯೂ ಕಮ್ಮಿ ಏನಿಲ್ಲ. ಅದಕ್ಕೇ ಎದ್ದಿರುವ ಟೇಪ್ ಮಾತ್ರ ಕಿತ್ತು ಅಲ್ಲಿಗೆ ಹಚ್ಚಿ, ಗಟ್ಟಿಯಾಗಿರುವುದನ್ನು ಸುಮ್ನೆ ಬಿಡಿ. ಕಿತ್ತ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆ ಟೂತ್ ಬ್ರಷ್ಷಿನಿಂದ ಉಜ್ಜಿ ಒಣಗಿಸಿ.

ಇನ್ನೊಂದು ಪರೀಕ್ಷೆ, ಇದನ್ನು ದುಡ್ಡು ಖರ್ಚು ಮಾಡುವ ಮೊದಲೇ ಮಾಡಿ. ಫ್ಲೈ ಬಟ್ಟೆಯನ್ನು ಮೂಸಿ ನೋಡಿ, ಬೆರಳಿನಿಂದ ಒಳಮೈ ಉಜ್ಜಿ ನೋಡಿ. ವಾಂತಿ ವಾಸನೆ ಬಂದು ಕೈಗೆ ಅಂಟಂಟು ಆದರೆ, ಇಲ್ಲ ಬಿಳಿ ಹೊಟ್ಟು ಉದುರಿದರೆ, ಪಿಯು ಲೇಪವೇ ಕೊಳೆತಿದೆ ಅಂತ ಅರ್ಥ. ಒದ್ದೆ ಇದ್ದಾಗಲೇ ಸುತ್ತಿ ಅಟ್ಟಕ್ಕೆ ಎಸೆದ ಟೆಂಟಿಗೆಲ್ಲ ಕೊನೆಗೆ ಇದೇ ಗತಿ. ತೇವ ಮತ್ತು ಸೆಕೆ ಸೇರಿ ಆ ಲೇಪವನ್ನು ಒಡೆಯುತ್ತವೆ. ಆಗ ಹೊಲಿಗೆ ಸೀಲ್ ಮಾಡಿ ಪ್ರಯೋಜನ ಇಲ್ಲ, ಬಟ್ಟೆಯಿಂದಲೇ ನೀರು ಬರುತ್ತದೆ.

ಹೊಲಿಗೆ ಮೇಷ್ಟ್ರು:

ಇಪ್ಪತ್ತೆರಡು ವರ್ಷದಿಂದ ಬ್ಯಾಗು, ಗಾಡಿ ಕವರು, ಲಾರಿ ಟಾರ್ಪಾಲು ಹೊಲಿಯುತ್ತಿದ್ದೇನೆ. ಟೆಂಟೂ ರಿಪೇರಿಗೆ ಬರುತ್ತವೆ. ಮೇಲಿನವರು ಹೇಳಿದ್ದು ಸರಿ. ನನ್ನದು ಬೇರೆ ಎರಡು ಮಾತು ತಂಗಿ.

ಎಂ-ಸೀಲ್ ಬೇಡವೇ ಬೇಡ. ಅದು ಪೈಪಿಗೆ, ಟ್ಯಾಂಕಿಗೆ. ಒಣಗಿದರೆ ಕಲ್ಲು. ಟೆಂಟ್ ಮಡಚುವ ವಸ್ತು. ಕಲ್ಲು ಬಗ್ಗುತ್ತದಾ? ಬಿರುಕು ಬಿಟ್ಟು ಪಕ್ಕದ ಬಟ್ಟೆಯನ್ನೂ ಹರಿಯುತ್ತದೆ.

ನೀರು ಬರುವುದು ಎಲ್ಲಿಂದ ಅಂತ ಸೂಕ್ಷ್ಮವಾಗಿ ನೋಡಿ. ಸೂಜಿ ಒಂದು ಇಂಚಿಗೆ ಎಂಟು ಹತ್ತು ತೂತು ಮಾಡುತ್ತದೆ. ಎರಡು ಸಾಲು ಹೊಲಿಗೆ ಅಂದರೆ ಅದರ ಎರಡರಷ್ಟು. ನಿಮ್ಮ 34 ಮೀಟರಿಗೆ ಲೆಕ್ಕ ಹಾಕಿ, ಇಪ್ಪತ್ತು ಸಾವಿರದ ಮೇಲೆ ತೂತು. ಟೆಂಟ್ ನೆಲದ ಮೇಲೆ ಸುಮ್ಮನೆ ಬಿದ್ದಿದ್ದಾಗ ಆ ತೂತು ದಾರಕ್ಕೆ ಬಿಗಿಯಾಗಿರುತ್ತದೆ. ಕೋಲು ಹಾಕಿ ಹಗ್ಗ ಎಳೆದ ಕೂಡಲೇ ಬಟ್ಟೆ ಎರಡೂ ಕಡೆ ಜಗ್ಗಿ ತೂತು ಬಾಯಿ ಬಿಡುತ್ತದೆ. ಅದಕ್ಕೆ ಸೀಲರ್ ಹಚ್ಚುವಾಗ ಟೆಂಟನ್ನು ಪೂರ್ತಿ ಎಬ್ಬಿಸಿ, ಬಿಗಿಯಾಗಿ ಎಳೆದು ಕಟ್ಟಿಯೇ ಹಚ್ಚಬೇಕು. ಫ್ಲೈಯನ್ನು ಒಳಮೈ ಹೊರಗೆ ಬರುವ ಹಾಗೆ ತಿರುಗಿಸಿ ಹಾಕಿಕೊಂಡರೆ ನಿಂತುಕೊಂಡೇ ಬಳಿಯಬಹುದು, ಕತ್ತು ಎತ್ತಿ ನೋಯಿಸಿಕೊಳ್ಳುವುದು ತಪ್ಪುತ್ತದೆ. ಮನೆಯೊಳಗೆ ಮಂಚದ ಮೇಲೆ ಹರಡಿ ಹಚ್ಚಿದವರೇ ಮತ್ತೆ ನನ್ನ ಹತ್ತಿರ ತರುವುದು.

ತೆಳ್ಳಗೆ ಹಚ್ಚಿ. ದಪ್ಪ ಹಚ್ಚಿದರೆ ಗಟ್ಟಿ ಅನ್ನುವುದು ತಪ್ಪು. ಮೆಡಿಕಲ್ ಶಾಪಿನ ಸೂಜಿ ಇಲ್ಲದ ಸಿರಿಂಜಿನಲ್ಲಿ ತುಂಬಿಕೊಂಡು ಹೊಲಿಗೆ ಸಾಲಿನ ಮೇಲೆ ಎಳೆ ಬಿಟ್ಟು, ಸಣ್ಣ ಬ್ರಷ್ಷಿನಿಂದ ದಾರದೊಳಗೆ ತಿಕ್ಕಿ. ದಾರ ಕುಡಿಯಬೇಕು. ದಾರ ಕುಡಿಯದಿದ್ದರೆ ಬತ್ತಿ ಎಣ್ಣೆ ಎಳೆಯುವ ಹಾಗೆ ಅದೇ ಹೊರಗಿನ ನೀರನ್ನು ಒಳಗೆ ಎಳೆಯುತ್ತದೆ. ಒಂದು ರಾತ್ರಿ ಹಾಗೇ ಬಿಟ್ಟು ಮಾರನೇ ದಿನ ಮೇಲೆ ಪಾಂಡ್ಸ್ ಪೌಡರ್ ಉದುರಿಸಿ, ಮಡಚಿದಾಗ ಒಂದಕ್ಕೊಂದು ಅಂಟುವುದಿಲ್ಲ.

ನಮ್ಮ ಅಜ್ಜ ಮಳೆಗಾಲ ಪೂರ್ತಿ ಕಂಬಳಿ ಕೊಪ್ಪೆ ಹಾಕಿಕೊಂಡೇ ಗದ್ದೆಗೆ ಹೋಗುತ್ತಿದ್ದರು. ಹೊಲಿಗೆಯೇ ಇಲ್ಲ, ಸೋರುವ ಮಾತೇ ಇಲ್ಲ. ನಾನು ಹೊಲಿಗೆಯವನು, ಆದರೂ ಹೇಳುತ್ತೇನೆ, ನೀರಿಗೂ ಸೂಜಿಗೂ ಆಗಿಬರುವುದಿಲ್ಲ.

ಗುಡಾರದ ಗೌಡ:

ಮೇಲೆ ಹೇಳಿದ್ದೆಲ್ಲ ಪಾಲಿಯೆಸ್ಟರಿಗೆ. ಕಾಟನ್ ಕ್ಯಾನ್ವಾಸ್ ಟೆಂಟ್ ಇರುವವರು ಇದನ್ನು ಓದಿ ಪಿಯು ಬಳಿಯಲು ಹೋಗಬೇಡಿ. ನಮ್ಮದು ಹೋಂಸ್ಟೇ, ನಾಲ್ಕು ಕ್ಯಾನ್ವಾಸ್ ಟೆಂಟ್ ಇವೆ. ಹೊಸ ಕ್ಯಾನ್ವಾಸನ್ನು ಎರಡು ಮೂರು ಸಲ ಪೂರ್ತಿ ನೆನೆಸಿ ಒಣಗಿಸಿದರೆ ನೂಲು ಉಬ್ಬಿ ಸೂಜಿ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಆಮೇಲೂ ಹನಿಯುವ ಕಡೆ ಜೇನುಮೇಣ ಉಜ್ಜಿದರೆ ಆಯಿತು. ಮಳೆ ಬರುವಾಗ ಒಳಗಿನಿಂದ ಬಟ್ಟೆಗೆ ಬೆರಳು ತಾಗಿಸಬಾರದು ಅಂತ ಗೆಸ್ಟುಗಳಿಗೆ ಎಷ್ಟು ಹೇಳಿದರೂ ಒಬ್ಬ ತಾಗಿಸಿಯೇ ತಾಗಿಸುತ್ತಾನೆ, ಅಲ್ಲಿಂದಲೇ ಹನಿಯುತ್ತದೆ, ಆಮೇಲೆ ರಾತ್ರಿ ಒಂದಕ್ಕೆ ನನಗೆ ಫೋನ್.

ಮೇಡಂಗೆ ಒಂದು ಪ್ರಶ್ನೆ. ಒದ್ದೆಯಾಗಿದ್ದು ಪೂರ್ತಿ ಹೊಲಿಗೆಯಿಂದಲೇ ಅಂತ ಖಾತ್ರಿಯಾ? ಎಷ್ಟು ಜನ ಮಲಗಿದ್ದಿರಿ? ಕಿಟಕಿ ಮುಚ್ಚಿದ್ದಿರಾ? ಏಳೆಂಟು ಜನರ ಉಸಿರಿನ ಹಬೆ ತಣ್ಣನೆ ಬಟ್ಟೆಗೆ ತಾಗಿ ನೀರಾಗಿ ಇಳಿಯುತ್ತದೆ. ಅದು ಎಲ್ಲ ಕಡೆ ಬೆವರಿದ ಹಾಗೆ ಇರುತ್ತದೆ, ಹೊಲಿಗೆ ಸೋರಿದರೆ ಗೆರೆ ಎಳೆದ ಹಾಗೆ ಇರುತ್ತದೆ. ಕೆಳಗೆ ಹಾಸಿದ ಪ್ಲಾಸ್ಟಿಕ್ ಶೀಟ್ ಟೆಂಟಿಗಿಂತ ದೊಡ್ಡದಿದ್ದು ಅಂಚು ಹೊರಗೆ ಬಂದಿತ್ತಾ ಅದನ್ನೂ ನೋಡಿ. ಹಾಗಿದ್ದರೆ ಫ್ಲೈಯಿಂದ ಇಳಿದ ನೀರೆಲ್ಲ ಆ ಶೀಟಿನ ಮೇಲೆ ಹರಿದು ಸೀದಾ ನಿಮ್ಮ ಚಾಪೆ ಕೆಳಗೆ ಬಂದಿರುತ್ತದೆ.

ಮಳೆಹುಳ:

ಗೌಡ್ರೆ, ಸಿಕ್ಕಿಬಿದ್ದೆ. ಶೀಟ್ ಒಂದೂವರೆ ಅಡಿ ಹೊರಗೇ ಇತ್ತು. ಕಾಲು ಒರೆಸಿಕೊಂಡು ಒಳಗೆ ಬರಲಿ ಅಂತ ನಾನೇ ಬಿಟ್ಟಿದ್ದೆ. ಚಾಪೆ ಒದ್ದೆಯಾಗಿದ್ದರಲ್ಲಿ ಅರ್ಧ ಪಾಲು ಅದರದ್ದೇ ಇರಬೇಕು. ಆದರೆ ತಲೆ ಮೇಲೆ ಹನಿ ಬಿದ್ದದ್ದೂ ನಿಜ.

ನೀವೆಲ್ಲ ಹೇಳಿದ ಹಾಗೆ ಮಾಡಿದೆ. ಸೆಲೋಟೇಪ್ ಗಟ್ಟಿಯಾಗಿ ಹಿಡಿಯಿತು, ಪಿಯು. ವಾಸನೆ ಇಲ್ಲ, ಅಂಟೂ ಇಲ್ಲ, ಬಚಾವ್. ಸಿಲಿಕೋನ್ ಟ್ಯೂಬನ್ನು ಬಾತ್‌ರೂಮ್ ಸಿಂಕಿಗೆ ಉಪಯೋಗಿಸಿಕೊಂಡೆ. ಹಚ್ಚುವ ಮೊದಲು ತಾರಸಿ ಮೇಲೆ ಟೆಂಟ್ ಎಬ್ಬಿಸಿ, ಕಟ್ಟುವುದಕ್ಕೆ ಮೊಳೆ ಬದಲು ನೀರು ತುಂಬಿದ ಕ್ಯಾನ್ ಇಟ್ಟು, ಯಜಮಾನರು ಹೊರಗಿನಿಂದ ಪೈಪಿನಲ್ಲಿ ಮಳೆ ಥರ ನೀರು ಬಿಟ್ಟರು. ಮಗಳು ಒಳಗೆ ಟಾರ್ಚ್, ಬಣ್ಣದ ಸೀಮೆಸುಣ್ಣ ಹಿಡಿದು ಕೂತಳು. ಹನಿ ಬೀಳುತ್ತಿದ್ದದ್ದು ಬಾಗಿಲ ಹತ್ತಿರ. ನಾನು ಅಲ್ಲೇ ಗುರುತು ಹಾಕು ಅಂದೆ. ಅವಳು ಬೆರಳಿನಲ್ಲಿ ಹೊಲಿಗೆ ಸವರುತ್ತಾ ಮೇಲಕ್ಕೆ ಹೋಗಿ, ಎರಡು ಅಡಿ ಮೇಲೆ, ಹೊರಗಡೆ ಹಗ್ಗ ಕಟ್ಟುವ ಪಟ್ಟಿ ಹೊಲಿದ ಜಾಗ ತೋರಿಸಿದಳು. ಹೆಂಚಿನ ಮನೆ ಕಥೆಯೇ, ಸೋರುವುದೊಂದು ಕಡೆ, ಬೀಳುವುದೊಂದು ಕಡೆ. ಆ ಪಟ್ಟಿಯ ಒಳಭಾಗಕ್ಕೆ ಟೇಪೇ ಇರಲಿಲ್ಲ, ಬರೀ ಗಿಜಿಗಿಜಿ ಹೊಲಿಗೆ.

ಅಂಥ ಆರು ಪಟ್ಟಿ, ಟೇಪ್ ಎದ್ದಿದ್ದ 11 ಮೀಟರ್, ಇಷ್ಟಕ್ಕೆ ಮಾತ್ರ ಹಚ್ಚಿದೆ. ಎರಡು ಭಾನುವಾರ ಹಿಡಿಯಿತು. ಮೇಷ್ಟ್ರು ಹೇಳಿದ ಸಿರಿಂಜ್ ಉಪಾಯ ಸೂಪರ್, ಕೈಗೆ ಗ್ಲೌಸ್ ಹಾಕಿಕೊಳ್ಳಿ ಅಂತ ಒಂದು ಮಾತು ಹೇಳಬಹುದಿತ್ತು, ಮೂರು ದಿನ ಬೆರಳಿಂದ ಹೋಗಲಿಲ್ಲ. ಮತ್ತೆ ನೀರು ಬಿಟ್ಟೆವು, ಇಪ್ಪತ್ತು ನಿಮಿಷ. ಮೇಲೆಲ್ಲ ಒಣ. ಆದರೆ ಬಾಗಿಲ ಜಿಪ್ಪಿನ ಹಲ್ಲಿನಿಂದ ಇನ್ನೂ ಸಣ್ಣಗೆ ಜಿನುಗುತ್ತಿದೆ. ಅದಕ್ಕೂ ಇದನ್ನೇ ಹಚ್ಚಬಹುದಾ?

ಹೊಲಿಗೆ ಮೇಷ್ಟ್ರು:

ಅಯ್ಯೋ ಹಚ್ಚಬೇಡಿ, ಜಿಪ್ ಅಂಟಿ ಕೂತರೆ ರಾತ್ರಿ ಎದ್ದು ಹೊರಗೆ ಹೋಗುವುದು ಹೇಗೆ? ಜಿಪ್ಪಿನ ಪಟ್ಟಿಯನ್ನು ಬಟ್ಟೆಗೆ ಸೇರಿಸಿದ ಹೊಲಿಗೆಗೆ ಮಾತ್ರ ಹಚ್ಚಿ, ಹಲ್ಲಿನಿಂದ ಬೆರಳಗಲ ದೂರ ಇರಲಿ. ಹಲ್ಲಿನ ಮೇಲೆ ಮಳೆ ಬೀಳದ ಹಾಗೆ ಹೊರಗೆ ಒಂದು ಮುಚ್ಚುಪಟ್ಟಿ ಇರಬೇಕು, ನಿಮ್ಮದರಲ್ಲಿ ಅದು ಒಳಗೆ ಮಡಚಿಕೊಂಡಿದೆಯಾ ನೋಡಿ. ಇಲ್ಲವೇ ಇಲ್ಲ ಅಂದರೆ ಬಾಗಿಲನ್ನು ಗಾಳಿಗೆ ಬೆನ್ನು ಮಾಡಿ ಹಾಕಿ. ಗ್ಲೌಸ್ ವಿಷಯ ಮರೆತದ್ದು ನನ್ನ ತಪ್ಪು, ನನ್ನ ಬೆರಳು ಯಾವಾಗಲೂ ಹಾಗೇ ಇರುತ್ತೆ ನೋಡಿ.

ಅಂಬಲಿ_77:

ಆ ಬಾಗಿಲ ಮುಂದೆ ಮಾತ್ರ ಒಂದು ಸಣ್ಣ ಟಾರ್ಪಾಲ್…