ಸಹಾಯ ಬೇಕು: ಭೂವಿಜ್ಞಾನದ ಸೆಮ್ಯಾಂಟಿಕ್ ತಂಡದ ಅರ್ಜಿಗೆ

ಮಾನ್ಯರೇ, ಮೈಸೂರಿನಲ್ಲಿ ಭೂವಿಜ್ಞಾನದ ದತ್ತಾಂಶಗಳ ಮೇಲೆ ಸಂಶೋಧನೆ ನಡೆಸುತ್ತಿರುವ ನಾನು, ಈ ಕ್ಷೇತ್ರದ ಸೆಮ್ಯಾಂಟಿಕ್ ತಂತ್ರಜ್ಞಾನ (ದತ್ತಾಂಶದ ಅರ್ಥವನ್ನು ಕಂಪ್ಯೂಟರಿಗೂ ತಿಳಿಯುವಂತೆ ಬರೆದಿಡುವ ವಿಧಾನ) ತಂಡವೊಂದನ್ನು ಮುನ್ನಡೆಸುವ ಹುದ್ದೆಗೆ ಅರ್ಜಿ ಸಲ್ಲಿಸಲಿದ್ದು, ನನ್ನ ಕಾರ್ಯಯೋಜನೆಯನ್ನು ಓದಿ ತಿದ್ದಿಕೊಡುವವರನ್ನು ಹುಡುಕುತ್ತಿದ್ದೇನೆ. ಉದಾಹರಣೆಗೆ, ನನ್ನ ಬಳಿಯಿರುವ ಒಂದು ಕಡತದಲ್ಲಿ ಕೆಆರ್‌ಎಸ್ ನೀರಿನ ಮಟ್ಟ ಅಡಿಗಳಲ್ಲಿದೆ, ಅಂದರೆ ಜಲಾಶಯ ತುಂಬಿದಾಗ 124.80; ಇನ್ನೊಂದರಲ್ಲಿ ಅದೇ ಮಟ್ಟ ಸಮುದ್ರಮಟ್ಟದಿಂದ ಅಳೆದ ಮೀಟರುಗಳಲ್ಲಿದೆ. ಎರಡರಲ್ಲೂ ಕಾಲಂ ಹೆಸರು ‘ಮಟ್ಟ’ ಎಂದಷ್ಟೇ ಇರುವುದರಿಂದ ಕಂಪ್ಯೂಟರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಈ ಅರ್ಥವನ್ನು ದತ್ತಾಂಶದ ಜೊತೆಗೇ ಬರೆದಿಡುವುದು ತಂಡದ ಮುಖ್ಯ ಕೆಲಸವಾಗಬೇಕೆಂದು ನಾನು ದೃಢವಾಗಿ ನಂಬಿದ್ದೇನೆ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಹುಟ್ಟಿದ ‘ಸ್ವೀಟ್’ ಆಂಟಾಲಜಿಯನ್ನು (ಭೂಮಿ ಮತ್ತು ಪರಿಸರದ ಪದಗಳ ಅರ್ಥವನ್ನೂ ಅವುಗಳ ನಡುವಿನ ಸಂಬಂಧವನ್ನೂ ಕಂಪ್ಯೂಟರಿಗಾಗಿ ಬರೆದಿಟ್ಟ ಪದವ್ಯವಸ್ಥೆ) ಆಧಾರವಾಗಿಟ್ಟುಕೊಂಡು, ನಮ್ಮ ರೈತರು ಬಳಸುವ ಕೆಮ್ಮಣ್ಣು, ಎರೆಮಣ್ಣು ಮುಂತಾದ ಹೆಸರುಗಳನ್ನೂ ಅದಕ್ಕೆ ಜೋಡಿಸುವ ಆಸೆಯಿದೆ. ಆರ್‌ಡಿಎಫ್ (ಇಂಥ ಅರ್ಥಸಹಿತ ದತ್ತಾಂಶವನ್ನು ಬರೆಯುವ ಮಾದರಿ), ಸ್ಪಾರ್ಕಲ್ (ಅದರಲ್ಲಿ ಹುಡುಕುವ ಭಾಷೆ) ಬಲ್ಲವರು ಅಥವಾ ಮಂಡ್ಯ ಭಾಗದ ಮಣ್ಣನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ನನಗೆ ಸಂದೇಶ ಕಳುಹಿಸಬೇಕಾಗಿ ವಿನಂತಿ.